ನನ್ನ ಬಾಗಿಲ ಮುಂದಿನ ತೆಗ್ಗು

ರಸ್ತೆಗೆ ಮಾರ್ಕ್ಸ್ ಹಾಕುವ ಕೆಲಸ ಹಿಡಿದಾಗಿನಿಂದ ನಗುವಂಥ ಪ್ರಸಂಗಗಳಿಗೆ ನನಗೆ ಬರ ಬಂದಿಲ್ಲ. ಬರ ಬಂದಿರುವುದು ಕೇಳುವ ಕಿವಿಗಳಿಗೆ. ಮೊದಲು ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದೆ. ಕತೆ ಅರ್ಧಕ್ಕೆ ಬರುವ ಮೊದಲೇ ಆಕೆ ನಕ್ಕುಬಿಟ್ಟು, ಕೊನೆಗೆ ಹೇಳಬೇಕೆಂದು ನಾನು ಕಾಯ್ದಿಟ್ಟ ಮಾತನ್ನು ಹಾಳುಮಾಡುತ್ತಿದ್ದಳು. ಆಕೆ ತೀರಿಕೊಂಡು ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ. ಈಗ ಕತೆ ಕೊನೆಯವರೆಗೂ ಸುಸೂತ್ರವಾಗಿ ಹೋಗುತ್ತದೆ, ನಗುವವರು ಮಾತ್ರ ಇಲ್ಲ.

ನನ್ನ ಕೆಲಸ ಇಷ್ಟೇ. ಸೊಲ್ಲಾಪುರ, ಅಕ್ಕಲಕೋಟೆಯ ಓಣಿಗಳನ್ನು ಸುತ್ತಿ, ಡಾಂಬರಿನ ಬಿರುಕು, ಸವಕಳಿ, ಗುಂಡಿ ಎಲ್ಲ ಅಳೆದು, ಪ್ರತಿ ರಸ್ತೆಗೂ ನೂರಕ್ಕೆ ಇಷ್ಟು ಎಂದು ಬರೆಯುವುದು. ಗುಂಡಿಗೆ ನಮ್ಮ ಕಡೆ ತೆಗ್ಗು ಅನ್ನುತ್ತೇವೆ. ನನ್ನ ಪಟ್ಟಿ ನೋಡಿ ಯಾವ ರಸ್ತೆಯನ್ನು ಯಾವಾಗ ದುರಸ್ತಿ ಮಾಡಬೇಕೆಂದು ಮೇಲಿನವರು ಗೊತ್ತುಮಾಡುತ್ತಾರೆ.

ಗಾಲಿ

ಉದ್ದ ಹಿಡಿಕೆಗೆ ಒಂದು ಗಾಲಿ. ಉರುಳಿಸುತ್ತಾ ನಡೆದರೆ ಎಷ್ಟು ಮೀಟರಾಯಿತೆಂದು ತೋರಿಸುತ್ತದೆ. ಅದನ್ನು ಹಿಡಿದು ಸೊಲ್ಲಾಪುರದ ಒಂದು ಬಟ್ಟೆ ಪೇಟೆಗೆ ಹೋದೆ. ರಸ್ತೆ ಅಗಲ ಮಾಡಲು ಬಂದಿದ್ದಾನೆ ಅಂತ ಸುದ್ದಿ ನನಗಿಂತ ಮುಂದೆ ಓಡಿತು. ಬೋರ್ಡು, ಬೆಂಚು, ಸೀರೆ ಉಟ್ಟು ನಿಂತ ಬೊಂಬೆಗಳು ಎಲ್ಲವೂ ಸರಸರ ಅಂಗಡಿಯೊಳಗೆ ಹೋದವು. ಒಬ್ಬ ಚಾದರದ ವ್ಯಾಪಾರಿಯ ಮೆಟ್ಟಿಲು ಮಾತ್ರ ಕಲ್ಲಿನದು. ಅದನ್ನು ಒಳಗೆ ಎಳೆಯುವ ಹಾಗಿರಲಿಲ್ಲ.

"ಸಾಹೇಬ್ರ, ನಮ್ಮ ಪಾವಟಿಗಿ ಹೊರಗ ಬಂದಿಲ್ರಿ," ಅಂದರು ಅವರು ಕೈಮುಗಿದು. "ರಸ್ತಾನ ಒಳಗ ಬಂದೈತಿ."

ನಾನು ಬಂದದ್ದು ತೆಗ್ಗು ಎಣಿಸಲಿಕ್ಕೆ ಅಂತ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಪೇಟೆಯ ಕೊನೆಯಲ್ಲಿ ಒಬ್ಬ ರಿಕ್ಷಾದವನು ಗಾಡಿ ನಿಲ್ಲಿಸಿ, "ಸಾಹೇಬ್ರ, ಇವತ್ತ ಒಂದ ದಿವ್ಸ ಆರಾಮ ಗಾಡಿ ಹೊಡದ್ನಿ. ನಾಳಿನೂ ಬರ್ರಿ. ಅಳೀಬ್ಯಾಡ್ರಿ, ಬರೇ ಗಾಲಿ ಉಳ್ಳಿಸ್ಕೋತ ಹೋಗ್ರಿ," ಅಂದ.

ಹೀಗೆ ಬಾಯಿತುಂಬ ಬಾ ಅಂದವರು ಆ ವರ್ಷ ಅವನೊಬ್ಬನೇ. ನಿಜ ಹೇಳುತ್ತೇನೆ, ಮರುದಿನ ಹೋಗೋಣವೇ ಅನಿಸಿತ್ತು.

ಬೀರೋಬನ ಪಾಲು

ಅಕ್ಕಲಕೋಟೆಯಲ್ಲಿ ಅಕ್ಕಪಕ್ಕದ ಎರಡು ಓಣಿ. ಒಂದಕ್ಕೆ ಎಪ್ಪತ್ತೆಂಟು ಮಾರ್ಕ್ಸ್ ಹಾಕಿದ್ದೆ, ಇನ್ನೊಂದಕ್ಕೆ ಇಪ್ಪತ್ತೆರಡು. ಮುಂದೆ ಎಪ್ಪತ್ತೆಂಟರ ಓಣಿಗೆ ಡಾಂಬರು ಬಂತು. ಇಪ್ಪತ್ತೆರಡರ ಓಣಿಯ ಒಬ್ಬ ಹಿರಿಯ ಹೆಂಗಸು, ಓಣಿಗೆಲ್ಲ ಮಾವಶಿ, ನನ್ನನ್ನು ಅಡ್ಡಗಟ್ಟಿದಳು.

"ಪಾಸಾದವಗ ಬಕ್ಷೀಸ, ನಪಾಸಾದವಗ ಸಾಲೀನ ಬಿಡಸ್ತೀರೇನ್ರಿ?"

ಚೆನ್ನಾಗಿರುವ ರಸ್ತೆಗೆ ಮೇಲೊಂದು ತೆಳು ಪದರು ಹಾಕಿದರೆ ಬಹಳ ವರ್ಷ ಬಾಳುತ್ತದೆ, ತೀರ ಕೆಟ್ಟದ್ದಕ್ಕೆ ಎಷ್ಟು ಸುರಿದರೂ ನಿಲ್ಲುವುದಿಲ್ಲ, ಅದನ್ನು ಬುಡಸಹಿತ ಅಗೆದು ಹೊಸದಾಗಿಯೇ ಮಾಡಬೇಕು, ಆ ಪಾಳಿ ಬರುವತನಕ ಕಾಯಬೇಕು ಎಂದು ತಿಳಿಸಿ ಹೇಳಿದೆ. ಆಕೆಗೆ ಒಂದೂ ಹಿಡಿಸಲಿಲ್ಲ. ಚಪಳಗಾಂವದಿಂದ ಸಂತೆಗೆ ಬಂದಿದ್ದ ಒಬ್ಬ ಕುರಿಗಾರ ಅಲ್ಲೇ ಚಹಾ ಕುಡಿಯುತ್ತಿದ್ದ.

"ಸಾಹೇಬ್ರು ಅನ್ನೂದ ಖರೇ ಐತಿ ಬೇ," ಅಂದ. "ನಾವೂ ಚೊಲೋ ಕುರಿಗೇ ಸೂಜಿ ಹಾಕಸ್ತೀವಿ. ನೆಲಾ ಹಿಡದದ್ದನ್ನ ನಮ್ಮ ದೇವ್ರ ಬೀರೋಬಗ ಬಿಡ್ತೀವಿ."

"ಅಂದ್ರ ನಮ್ಮ ಓಣಿ ಬೀರೋಬಗ ಬಿಟ್ರೇನು?"

"ಬಿಟ್ಟಾರ. ಆದ್ರ ಒಂದ ಮಾತ. ಬೀರೋಬ ಡಾಂಬರ ಹಾಕೂದಿಲ್ಲ."

ನಕ್ಕೆ. ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಬರುವಾಗ ಮಾತ್ರ ಅದು ನನಗೇ ಹತ್ತಿತು. ಮಂದಿಯೂ ಹೀಗೇ. ತುಂಬಿದ ಮನೆಗೇ ಬೀಗರು, ನೆಂಟರು ಬರುತ್ತಾರೆ. ಒಬ್ಬನೇ ಕೂತವನ ಬಾಗಿಲು ಪಾಳಿಗೆ ಕಾಯುತ್ತದೆ. ಅವತ್ತು ನನಗೆ ನಾನೇ ಮಾರ್ಕ್ಸ್ ಹಾಕಿಕೊಂಡೆ. ಇಪ್ಪತ್ತೆರಡೂ ಬರಲಿಲ್ಲ.

ತನಿಖೆ

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಸೊಲ್ಲಾಪುರದಲ್ಲಿ ನನ್ನ ಬಾಗಿಲ ಮುಂದೆಯೇ ಒಂದು ತೆಗ್ಗಿತ್ತು. ಸ್ಕೂಟರಿನವರು ಅಲ್ಲಿ ಬ್ರೇಕು ಹಾಕುತ್ತಿದ್ದರು. ಯಾರದೋ ಚೀಲದಿಂದ ಉಳ್ಳಾಗಡ್ಡಿ ಉರುಳುತ್ತಿತ್ತು, ಆರಿಸಿ ಕೊಡುತ್ತಿದ್ದೆ. ಎಡವಿದವರು ನನ್ನ ಕಟ್ಟೆಯ ಮೇಲೆ ಕೂತು ನೀರು ಕುಡಿದು, "ಯಾವೂರ್ರಿ ನಿಮ್ದು?" ಅನ್ನುತ್ತಿದ್ದರು. "ಹನ್ನೂರ" ಅನ್ನುತ್ತಿದ್ದೆ. ಹತ್ತು ನಿಮಿಷ ಮಾತು ಸಿಗುತ್ತಿತ್ತು. ಈ ನಾಲ್ಕು ವರ್ಷ ನನ್ನ ಕಟ್ಟೆಗೆ ಬಂದವರೆಲ್ಲ ಆ ತೆಗ್ಗಿನ ಕೃಪೆಯಿಂದ ಬಂದವರೆಂದೇ ನಂಬಿದ್ದೆ. ಹಾಗಾಗಿ ಎರಡು ಸಲ ಸರ್ವೇ ಮಾಡಿದಾಗಲೂ ಅದನ್ನು ಬರೆಯಲಿಲ್ಲ. ಊರಿನ ತೆಗ್ಗು ಎಣಿಸುವ ನಾನು ನನ್ನ ಬಾಗಿಲದ್ದನ್ನೇ ಬಿಟ್ಟೆ.

ಹೀಗೆ ಎಡವಿ ಬಂದವರಲ್ಲಿ ನಮ್ಮ ಓಣಿಯ ಕೊನೆಯ ಮನೆಯ ಕಾಕಾ ಒಬ್ಬರು. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಹಿರಿಯರು. ಒಮ್ಮೆ ಎಡವಿ ಕೂತವರು ಆಮೇಲೆ ದಿನಾ ಸಂಜೆ ಬಂದು ಕೂತರು.

ಒಂದು ದಿನ ನಮ್ಮ ಸಾಹೇಬರು ನನ್ನ ಕೈಗೆ ಒಂದು ಅರ್ಜಿ ಕೊಟ್ಟರು. ಕೆಳಗೆ ಹೆಸರಿರಲಿಲ್ಲ. ಇಂಥ ಓಣಿಯಲ್ಲಿ ತೆಗ್ಗಿದೆ, ರಸ್ತೆ ನೋಡುವವನು ಅಲ್ಲೇ ಇದ್ದಾನೆ, ಅವನಿಗೆ ಕಣ್ಣು ಕಾಣುವುದಿಲ್ಲ ಎಂದಿತ್ತು. ಆಫೀಸಿನಲ್ಲಿ ಸರ್ವೇದವರು ನಾವು ಹಲವರು, ಯಾರ ಮನೆ ಎಲ್ಲಿದೆ ಎಂದು ಸಾಹೇಬರಿಗೆ ಗೊತ್ತಿರಲಿಲ್ಲ. "ಹೋಗಿ ಆ ಸರ್ವೇದಾಂವ ಎಂಥಾಂವ ನೋಡ್ಕೊಂಡ ಬರ್ರಿ," ಅಂದರು.

ನನ್ನ ಮೇಲೆ ತನಿಖೆ ಮಾಡಲು ನಾನೇ ನನ್ನ ಮನೆಗೆ ಹೋದೆ. ಬೀಗ ತೆಗೆದು ಒಳಗೆ ಹೋಗಿ, ಚಹಾ ಮಾಡಿಕೊಂಡು, ವರದಿ ಬರೆದೆ: "ತೆಗ್ಗು ಇರುವುದು ನಿಜ. ಸದರಿ ಸರ್ವೇದಾರ ನಾನೇ. ಕಣ್ಣು ಚೆನ್ನಾಗಿ ಕಾಣುತ್ತದೆ. ಮನೆಯಲ್ಲಿ ಒಬ್ಬನೇ ಇರುತ್ತೇನೆ."

ಸಾಹೇಬರು ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: "ಒಬ್ಬನೇ ಇರುವುದಕ್ಕೂ ತೆಗ್ಗಿಗೂ ಏನು ಸಂಬಂಧ? ಸಮಜಾಯಿಷಿ ಕೊಡಿ."

ಮೂರು ದಿನದಲ್ಲಿ ತೆಗ್ಗು ಮುಚ್ಚಿತು. ಇನ್ನು ಯಾರು ಬರುತ್ತಾರೆ ಅಂತ ಆ ಸಂಜೆ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದೆ. ಸ್ಕೂಟರುಗಳು ಬ್ರೇಕು ಹಾಕದೆ ಹೋಗುತ್ತಿದ್ದವು. ಬಹಳ ಕೆಟ್ಟನಿಸಿತು. ಅಷ್ಟರಲ್ಲಿ ಓಣಿಯ ಕೊನೆಯಿಂದ ಕಾಕಾ ಬರುವುದು ಕಂಡಿತು. ದೂರದಿಂದಲೇ, "ಅರ್ಜಿ ಕೆಲ್ಸಾ ಮಾಡ್ತ ನೋಡ್ರಿ," ಅಂದರು.

"ನೀವ ಬರದ್ರೇನ್ರಿ ಕಾಕಾ? ಯಾಕ?"

"ಮತ್ತೇನ್ರಿ, ದಿನಾ ನಿಮ್ಮ ಕಟ್ಟಿಗೆ ಬರೂದು ನಾನು. ಮಣಕಾಲ ನೋಯ್ತಾವ. ಆ ತೆಗ್ಗ ದಾಟೂದು ಭಾಳ ತ್ರಾಸ ಆಗಿತ್ತು. ಅದ ಇಲ್ಲದಿದ್ರ ಮುಂಜಾನಿನೂ ಬರ್ತಿದ್ನಿ."

"ನನಗ ಒಂದ ಮಾತ ಹೇಳೂದಲ್ಲ?"

"ಹೇಳಿದ್ರ ನೀವು ಮನಸಿಗಿ ಹಚ್ಕೋತಿದ್ರಿ. ದೋಸ್ತಿ ಕೆಡಬಾರ್ದಂತ ಆಫೀಸಿಗಿ ಬರದ್ನಿ."

ಹೀಗನ್ನುತ್ತಾ, ತೆಗ್ಗಿದ್ದ ಜಾಗ ಬಂದೊಡನೆ, ರೂಢಿಯ ಹಾಗೆ ಕಾಲು ಎತ್ತರಕ್ಕೆ ಎತ್ತಿ ಇಟ್ಟರು. ಕೆಳಗೆ ಸಪಾಟು ನೆಲ. ಜೋಲಿ ತಪ್ಪಿ ಓಡೋಡಿ ಬಂದು ನನ್ನ ಕಟ್ಟೆಯ ಮೇಲೇ ಕೂತರು. ನೀರು ಕೊಟ್ಟೆ. ಕುಡಿದು, ಮೀಸೆ ಒರೆಸಿಕೊಂಡು ಅಂದರು:

"ಬರಕೋರಿ ಸಾಹೇಬ್ರ. ರಸ್ತಾ ಸರಿ ಮಾಡಿದ್ದಕ್ಕ ಮಂದಿ ಬೀಳಾಕತ್ತಾರ."