ಸೆನ್ಸರ್ ‘ಹೋಗಿದೆ’ ಎನ್ನುವುದನ್ನು ನಿಷೇಧಿಸುವ ಬಗ್ಗೆ

ಗೃಹ ವಾಹನ ಇಲಾಖೆ
(ಮಂಜೂರಾದ ಹುದ್ದೆ: ಎರಡು. ಭರ್ತಿಯಾಗಿರುವುದು: ಒಂದು)

ಸುತ್ತೋಲೆ ಸಂಖ್ಯೆ: ಗೃವಾಇ/ಹಳೆಕಾರು/ತಂತಿ/೧

ವಿಷಯ: ಕಾರಿನ ಆಕ್ಸಿಜನ್ ಸೆನ್ಸರ್ ತಂತಿಯ ದೋಷಪತ್ತೆ, ದುರಸ್ತಿ ಹಾಗೂ ‘ಹೋಗಿದೆ’ ಎಂಬ ಪದದ ಬಳಕೆ ಕುರಿತು.

ಉಲ್ಲೇಖ: ೧. ಡ್ಯಾಶ್‌ಬೋರ್ಡಿನ ಹಳದಿ ದೀಪ.
೨. ಮೈದುನನವರ ಮೌಖಿಕ ಸಲಹೆ: “ಅತ್ತಿಗೆ, ಗಾಡಿ ಹೋಗಿದೆ. ಅಣ್ಣನ ನೆನಪು ಅಂತ ಎಷ್ಟು ದಿನ ಇಟ್ಕೋತೀರಾ? ಭಾನುವಾರ ಒಬ್ರು ನೋಡೋಕೆ ಬರ್ತಾರೆ, ಕೊಟ್ಬಿಡಿ.”

ಇಲಾಖೆಯ ಹಿಂದಿನ ಮುಖ್ಯಸ್ಥರು ಕಳೆದ ವರ್ಷ ತೀರಿಕೊಂಡ ಕಾರಣ, ಕಾರಿನ ಹೊಣೆ ಅವರ ಪತ್ನಿಯಾದ ಕೆಳಸಹಿದಾರರ ಮೇಲೆ ಬಿದ್ದಿರುತ್ತದೆ. ಸದರಿಯವರು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದ್ದು, ಬಾನೆಟ್ ತೆರೆಯಲು ಹೋಗಿ ಪೆಟ್ರೋಲ್ ಮುಚ್ಚಳ ತೆರೆದಿರುತ್ತಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಹಳದಿ ದೀಪದ ಮೇಲೆ ಗಾಯದ ಪ್ಲಾಸ್ಟರ್ ಅಂಟಿಸುವುದನ್ನು ದುರಸ್ತಿ ಎಂದು ಪರಿಗಣಿಸತಕ್ಕದ್ದಲ್ಲ. ಈಗಾಗಲೇ ಅಂಟಿಸಿರುವುದನ್ನು ಅಂಟಿಸಿದವರೇ ಕೀಳತಕ್ಕದ್ದು.

೨. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಎಂಜಿನ್ನಿಗೆ ತಿಳಿಸುವುದು ಸೆನ್ಸರಿನ ಕರ್ತವ್ಯ. ಸುದ್ದಿ ತಲುಪದಿದ್ದರೆ ಎಂಜಿನ್ ಅಂದಾಜಿನಲ್ಲಿ ಓಡುತ್ತದೆ, ಅತಿಯಾಗಿ ಕುಡಿಯುತ್ತದೆ, ನಿಂತಲ್ಲೇ ನಡುಗುತ್ತದೆ. ಪೆಟ್ರೋಲಿನ ಬದಲು ಚಹಾ ಎಂಬುದನ್ನು ಬಿಟ್ಟರೆ ಸಿಬ್ಬಂದಿಯೂ ಹೀಗೆಯೇ ವರ್ತಿಸುತ್ತಿರುವುದು ಗಮನಕ್ಕೆ ಬಂದಿದ್ದು, ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

೩. ಎಂಜಿನ್ ತಣ್ಣಗಾಗುವ ಮೊದಲು ಕಾರಿನಡಿ ತೂರಿ ಸೈಲೆನ್ಸರ್ ಪೈಪ್ ಮುಟ್ಟಬಾರದು. ಮುಟ್ಟಿದವರು, ಅತ್ತೆಯವರ “ಓದಿದ್ದೆಲ್ಲ ಎಲ್ಲಿಟ್ಟಿದ್ದೀಯಮ್ಮ?” ಎಂಬ ಪ್ರಶ್ನೆಗೆ ಮುಲಾಮು ಹಚ್ಚಿಸಿಕೊಳ್ಳುತ್ತಲೇ ಉತ್ತರಿಸತಕ್ಕದ್ದು.

೪. ಮೀಟರ್ ಇಟ್ಟು ಪರೀಕ್ಷಿಸದೆ ಯಾವುದನ್ನೂ ‘ಹೋಗಿದೆ’ ಎನ್ನಬಾರದು. ಸಂದೇಹವಿದ್ದಲ್ಲಿ ‘ಕೆಟ್ಟಿದೆ’ ಎನ್ನಬಹುದು. ‘ಹೋಗಿದೆ’, ‘ಹೋದರು’ ಎಂಬ ಪದಗಳಿಗೆ ಈ ಮನೆಯಲ್ಲಿ ನಿಗದಿಯಾದ ವಾರ್ಷಿಕ ಮಿತಿ ಮುಗಿದಿರುತ್ತದೆ. ಗ್ಯಾರೇಜಿನ ಮೆಕ್ಯಾನಿಕ್ ಮೀಟರ್ ಇಟ್ಟು ನೀಡಿದ ವರದಿ: “ಸೆನ್ಸರ್ ಚೆನ್ನಾಗೇ ಇದೆ ಮೇಡಂ. ವೈರು ಪೈಪಿಗೆ ತಾಗಿ ಸುಟ್ಟಿದೆ, ಅಷ್ಟೇ. ಅದ್ಸರಿ, ತಲೆಗೆ ಹಾಕ್ಕೊಳ್ಳೋ ಬ್ಯಾಂಡಲ್ಲಿ ಇದನ್ನ ಕಟ್ಟಿದ್ಯಾರು?”

೫. ತಂತಿ ಪೈಪಿಗೆ ತಾಗದಿರಲೆಂದು ಹಿಂದಿನ ಮುಖ್ಯಸ್ಥರು ಪತ್ನಿಯ ನೀಲಿ ಹೇರ್‌ಬ್ಯಾಂಡ್ ಬಳಸಿದ್ದು, ಅದು ಒಣಗಿ ಹರಿದು ತಂತಿ ಜೋತುಬಿದ್ದಿರುವುದು ತನಿಖೆಯಿಂದ ತಿಳಿದುಬಂದಿದೆ. ಹೇರ್‌ಬ್ಯಾಂಡ್‌ಗಳು ಕಾಣೆಯಾಗುತ್ತಿರುವ ಬಗ್ಗೆ ಅವರ ವಿರುದ್ಧ ಪದೇ ಪದೇ ದೂರು ನೀಡಲಾಗಿದ್ದು, ಪ್ರತಿ ಬಾರಿಯೂ “ನಿನ್ನ ಜಡೆ ಸಾಮಾನು ನಂಗ್ಯಾಕೆ ತಾಯಿ?” ಎಂದು ಹೇಳಿಕೆ ಕೊಟ್ಟಿದ್ದರು. ಹೇಳಿಕೆ ಸುಳ್ಳೆಂದು ಸಾಬೀತಾಗಿದೆ. ಆರೋಪಿ ವಿಚಾರಣೆಗೆ ಲಭ್ಯರಿಲ್ಲ.

೬. ಸುಟ್ಟ ತುಂಡು ತೆಗೆದು, ಹೊಸ ವೈರು ಬೆಸೆದು, ಶಾಖ ತಡೆಯುವ ಕವಚ ತೊಡಿಸಿ, ಲೋಹದ ಕ್ಲಿಪ್ ಹಾಕಲಾಗಿದೆ. ಹಳದಿ ದೀಪ ಆರಿದೆ. ಹರಿದ ಹೇರ್‌ಬ್ಯಾಂಡನ್ನು ಬಿಸಾಡಲು ಮೆಕ್ಯಾನಿಕ್ ಕೋರಿದ ಅನುಮತಿಯನ್ನು ನಿರಾಕರಿಸಲಾಗಿದೆ.

೭. ಭಾನುವಾರ ಬರುವವರಿಗೆ ಚಹಾ ಕೊಡತಕ್ಕದ್ದು. ಕಾರು ಕೊಡತಕ್ಕದ್ದಲ್ಲ. ‘ಕಾರೆಲ್ಲಿ?’ ಎಂದು ಕೇಳಿದಲ್ಲಿ ‘ಸೊಸೆ ಜೊತೆ ಸುತ್ತಾಡೋಕೆ ಹೋಗಿದೆ’ ಎಂದು ಅತ್ತೆಯವರು ಹೇಳಬಹುದು. ಈ ಒಂದು ಸಂದರ್ಭಕ್ಕೆ ಮಾತ್ರ ಕಲಂ ೪ರಿಂದ ವಿನಾಯಿತಿ ನೀಡಲಾಗಿದೆ.

ಸಹಿ/-
(ಎಡಗೈಯಲ್ಲಿ, ಬಲಗೈ ಕಲಂ ೩ಕ್ಕೆ ಒಳಪಟ್ಟಿದೆ)
ಪ್ರಭಾರ ಮುಖ್ಯಸ್ಥೆ, ಗೃಹ ವಾಹನ ಇಲಾಖೆ

ಪ್ರತಿಗಳು:
೧. ಮೈದುನನವರಿಗೆ: ಮಾಹಿತಿಗಾಗಿ, ಚರ್ಚೆಗಲ್ಲ.
೨. ಅತ್ತೆಯವರಿಗೆ: ಮುಲಾಮಿನ ಡಬ್ಬಿಯೊಂದಿಗೆ.
೩. ಹಿಂದಿನ ಮುಖ್ಯಸ್ಥರಿಗೆ: ವಿಳಾಸ ಲಭ್ಯವಿಲ್ಲದ ಕಾರಣ, ಕಾರಿನ ಗ್ಲೌ ಬಾಕ್ಸಿನಲ್ಲಿ ಹೇರ್‌ಬ್ಯಾಂಡಿನ ಜೊತೆ ಇಡುವುದು.