ಹುರುಳಿಯ ಮೇಲೊಂದು ಬ್ರೇಕ್ ಪ್ರಾತ್ಯಕ್ಷಿಕೆ

ನಾದಿನಿಯ ಮದುವೆಯಲ್ಲಿ ಹೆಣ್ಣು-ಗಂಡು ನನ್ನ ಹೊಸ ಕಾರಿನಲ್ಲೇ ಬರಬೇಕೆಂದು ನಾನು ತೀರ್ಮಾನಿಸಿದ್ದೆ. ಮಾವ ಇನ್ನೂ ತೀರ್ಮಾನಿಸಿರಲಿಲ್ಲ, ಅಷ್ಟೆ! ಅವರ ಕಣ್ಣು ನನ್ನ ಷಡ್ಡಕನ ಹಳೇ ಜೀಪಿನ ಮೇಲಿತ್ತು. "ಅದು ನಂಬ್ಕಸ್ತ ಗಾಡಿ ಕಣಪ್ಪ" ಎನ್ನುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಕಡೆಗೆ, ಬಟ್ಟೆ ಕೊಳ್ಳಲು ಮದ್ದೂರಿಗೆ ಬಂದ ಅವರನ್ನು ನಾನೇ ಮಳವಳ್ಳಿಗೆ ಬಿಡುವುದು, ಕಾರು ಹೇಗಿದೆಯೆಂದು ಅವರೇ ಕೂತು ನೋಡುವುದು ಎಂದಾಯಿತು.

ಮಾವ ಬಿಳಿ ಪಂಚೆ ಸರಿಮಾಡಿಕೊಂಡು ಮುಂದೆ ಕೂತರು. ನನ್ನ ಹೆಂಡತಿ ಸುಮಾ ಹಿಂದೆ. ಊರು ದಾಟುವ ಮೊದಲೇ ನನ್ನ ಉಪನ್ಯಾಸ ಶುರುವಾಯಿತು.

"ಮಾವ, ಇದ್ರಲ್ಲಿ ಎಬಿಎಸ್ ಇದೆ. ಎಷ್ಟೇ ಜೋರಾಗಿ ಬ್ರೇಕ್ ತುಳಿದ್ರೂ ಚಕ್ರ ಕಚ್ಕೊಂಡು ಜಾರಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತೆ. ಸ್ಟೇರಿಂಗ್ ನಮ್ಮ ಮಾತು ಕೇಳ್ತಾನೇ ಇರುತ್ತೆ. ಇನ್ನು ಟ್ರಾಕ್ಷನ್ ಕಂಟ್ರೋಲ್! ಆಕ್ಸಿಲೇಟರ್ ತುಳಿದಾಗ ಚಕ್ರ ಸುಮ್ನೆ ಗಿರಗಿರ ಸುತ್ತಿದ್ರೆ ಎಂಜಿನ್ ಜೋರು ತಗ್ಗಿಸಿ, ಆ ಚಕ್ರಕ್ಕೆ ಬ್ರೇಕ್ ಹಾಕುತ್ತೆ. ಎರಡಕ್ಕೂ ಚಕ್ರದ ಸುದ್ದಿ ಮುಟ್ಟಿಸೋದು ಅವೇ ಸೆನ್ಸರ್‌ಗಳು."

"ಅಂದ್ರೆ ಈ ಕಾರು ನಿಮ್ಮನ್ನ ನಿಲ್ಸುವಾಗ್ಲೂ ನಂಬಕ್ಕಿಲ್ಲ, ಓಡ್ಸುವಾಗ್ಲೂ ನಂಬಕ್ಕಿಲ್ಲ" ಎಂದಳು ಸುಮಾ.

ಅಷ್ಟರಲ್ಲಿ ಎದುರಿಗೆ ರಸ್ತೆಯ ತುಂಬ ಒಣಗಿದ ಹುರುಳಿ ಬಳ್ಳಿ ಹರಡಿತ್ತು. ನಮ್ಮ ಕಡೆ ಡಾಂಬರು ರಸ್ತೆಯೇ ಕಣ, ಬಸ್ಸು ಲಾರಿಗಳೇ ಒಕ್ಕಣೆಯ ಎತ್ತು. ಹಿಂದೆ ಮುಂದೆ ಒಂದು ಗಾಡಿಯೂ ಇರಲಿಲ್ಲ. ಜಾರುವ ಜಾಗ, ಪಕ್ಕದಲ್ಲಿ ಮಾವ! ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೆ?

"ನೋಡಿ ಮಾವ!" ಎಂದು ಬ್ರೇಕನ್ನು ಬಲವಾಗಿ ತುಳಿದೆ.

ಪೆಡಲ್ಲು ಪಾದದ ಕೆಳಗೆ ಗಡಗಡ ನಡುಗಿತು! ಎಬಿಎಸ್ ಕೆಲಸ ಮಾಡುವಾಗ ಹಾಗೆ ನಡುಗುವುದೇ ಸರಿ, ಕಾಲು ತೆಗೆಯಬಾರದು ಎಂದು ಶೋರೂಮಿನವರು ಹೇಳಿದ್ದರಂತೆ. ಆಗ ನಾನು ಸೀಟ್ ಕವರಿನ ಬಣ್ಣ ಆರಿಸುತ್ತಿದ್ದೆ. "ಅಯ್ಯೋ, ಬ್ರೇಕ್ ಮುರೀತು!" ಎಂದು ಕಿರುಚಿ ಕಾಲು ತೆಗೆದೆ. ಪಾಪ, ಬ್ರೇಕನ್ನೇ ಬಿಟ್ಟರೆ ಎಬಿಎಸ್ ತಾನೇ ಏನು ಮಾಡೀತು? ಕಾರು ನಿಧಾನವಾಗಿ ಹೋಗಿ ರಸ್ತೆ ಬದಿಯ ಹುರುಳಿ ಬಣವೆಗೆ ಮುಖ ತೂರಿಸಿ ನಿಂತಿತು.

ರಿವರ್ಸ್ ಹಾಕಿ ಆಕ್ಸಿಲೇಟರ್ ತುಳಿದೆ. ಹುರುಳಿ ಮೇಲೆ ಚಕ್ರ ಜಾರಿತು, ದೀಪವೊಂದು ಮಿಣಮಿಣ ಎಂದಿತು, ಎಂಜಿನ್ ಸದ್ದು ತಗ್ಗಿತು. "ಎಂಜಿನ್ನೂ ಹೋಯ್ತು!" ಎಂದೆ.

"ಓಗಿಲ್ಲ ಅಳಿಮಯ್ಯ. ಚಕ್ರ ಸುತ್ತುದ್ರೆ ಅದೇ ತಗ್ಗಿಸ್ತದೆ ಅಂತ ಈಗ್ತಾನೆ ನೀವೇ ಏಳುದ್ರಲ್ಲ" ಎಂದ ಮಾವ ಇಳಿದು ಮುಂದಿನಿಂದ ತಳ್ಳಲು ನಿಂತರು.

"ರೀ, ಆ ಬಟನ್ ಮೇಲೆ ಕಾರು ಸೊಟ್ಟಸೊಟ್ಟಕ್ಕೆ ಓಡೋ ಚಿತ್ರ ಅದೆಯಲ್ಲ, ಏನದು?" ಎಂದಳು ಸುಮಾ.

ಒತ್ತಿದೆ. ಟ್ರಾಕ್ಷನ್ ಕಂಟ್ರೋಲ್ ಆಫ್! ಪೂರ್ತಿ ತುಳಿದೆ. ಚಕ್ರಗಳು ಗಿರ್ರನೆ ತಿರುಗಿ ಬುಡದ ಹುರುಳಿಯನ್ನೆಲ್ಲ ಮುಂದಕ್ಕೆ ಎರಚಿದವು. ಕಾರು ಹೊರಬಂತು. ಮಾವ ಕಾಣೆಯಾದರು!

ಧೂಳಿಳಿದಾಗ ಅವರ ಮೀಸೆಯಲ್ಲೂ ಹುರುಳಿ ಕಾಯಿತ್ತು. ಬಣವೆಯ ಯಜಮಾನಿ ಮೊರ ಹಿಡಿದು ಓಡಿ ಬಂದಳು.

"ಒಟ್ಟಿದ್ದನ್ನೆಲ್ಲ ಚೆಲ್ಲಾಡ್ಬುಟ್ರಲ್ಲ ಸಾಮಿ! ಸುಮ್ಕೆ ಓಗಂಗಿಲ್ಲ. ಇಂದ್ಕೂ ಮುಂದ್ಕೂ ಓಡ್ಸಿ, ಕಾಳು ಉದುರ್ಲಿ!"

ಓಡಿಸಿದೆ. ಬಿಸಿಲು ಇಳಿಯುವವರೆಗೂ ಓಡಿಸಿದೆ. ಮಾವ ಒಂದು ಹಿಡಿ ಕಾಳೆತ್ತಿ, ಹೊಟ್ಟು ಊದಿ, ಮೊದಲ ಸಲ ನನ್ನ ಕಾರನ್ನು ಮೆಚ್ಚುಗೆಯಿಂದ ನೋಡಿದರು.

"ಒಂದು ಕಾಳೂ ಒಡ್ದಿಲ್ಲ. ಬಾರಿ ಚೆನ್ನಾಗದೆ ಗಾಡಿ!"

ನನ್ನ ಜೀವ ಕುಣಿಯಿತು. "ಹಾಗಾದ್ರೆ ಹೆಣ್ಣು-ಗಂಡು...?"

"ಅವ್ರು ಜೀಪಲ್ಲೇ ಬರ್ಲಿ ಬುಡಿ. ನಮ್ಮ ಉರುಳಿ ಬಳ್ಳೀನೂ ಒಕ್ದೆ ಅಂಗೇ ಬಿದ್ದದೆ, ನಿಮ್ ಗಾಡಿ ಅದುಕ್ಕಿರ್ಲಿ."

ಮದುವೆಯ ಹಿಂದಿನ ದಿನ ಮಾವನ ಮನೆಯಂಗಳದಲ್ಲಿ ಷಡ್ಡಕನ ಜೀಪಿಗೆ ಸೇವಂತಿಗೆ ಹಾರ ಕಟ್ಟುತ್ತಿದ್ದರು. ನಾನು ಎದುರಿನ ರಸ್ತೆಯಲ್ಲಿ ಕಾರೋಡಿಸಿ ಮಾವನ ಹುರುಳಿ ಒಕ್ಕುತ್ತಿದ್ದೆ. ಬಂದ ನೆಂಟರೆಲ್ಲ ನಿಂತು ನೋಡಿ, ಮಾವನನ್ನು ಕೇಳಿದರು: "ಈ ಕಾರು ಬಾಡ್ಗೆಗೆ ಸಿಕ್ತದಾ?"