ಸೂರ್ಯ ಹುಟ್ಟುವ ಮೊದಲಿನ ಕರೆಂಟು

ಶಕ್ತಿಯನ್ನು ಉಳಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಳಿತು ಆಗುವ ಕೆಲಸಕ್ಕೆ ನಾನು ನಿಂತವನಲ್ಲ, ಮಲಗಿ ಆಗುವ ಕೆಲಸಕ್ಕೆ ಕುಳಿತವನಲ್ಲ. ನನ್ನ ಹೆಂಡತಿ ಗಿರಿಜಾ ಇದನ್ನು ಬೇರೊಂದು ಹೆಸರಿನಿಂದ ಕರೆಯುತ್ತಾಳೆ, ಅದು ಇಲ್ಲಿ ಬೇಡ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ಈ ಹುಚ್ಚು ಮನೆಯ ಸ್ವಿಚ್ಚುಗಳಿಗೂ ಹರಡಿತು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ನನ್ನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತದೆ. ಡಂಬಳದ ಬೀಗರ ಮನೆಯ ಮದುವೆಯಲ್ಲಿ ಹೀಗೇ ಖಾಲಿ ಇದೆಯೆಂದುಕೊಂಡು ಒಂದು ಕೋಣೆಯ ದೀಪ ಆರಿಸಿದೆ. ಒಳಗೆ ಕನ್ನಡಿಯ ಮುಂದೆ ಮದುಮಗ ಮೀಸೆ ಕತ್ತರಿಸಿಕೊಳ್ಳುತ್ತಿದ್ದನಂತೆ. ಆ ಮದುವೆಯ ಫೋಟೊಗಳಲ್ಲೆಲ್ಲ ಅವನ ಮೀಸೆ ಒಂದು ಕಡೆ ಗಿಡ್ಡ. ಆ ಬೀಗರು ಇವತ್ತಿಗೂ ನಾನು ಹೊಸ್ತಿಲು ದಾಟಿದರೆ ಮೊದಲು ಸ್ವಿಚ್ಚಿನ ಕಡೆ ನೋಡುತ್ತಾರೆ.

ಲಕ್ಷ್ಮೇಶ್ವರದ ಅಂಚಿನಲ್ಲಿ ನಮ್ಮದೊಂದು ಡೇರಿ ಇದೆ. ಡೇರಿ ಎಂದರೆ ಐದು ಎಮ್ಮೆಗಳು. ಅವುಗಳ ಮೇಲೆ ಗಂಗಿ ಎಂಬ ಹಿರಿಯ ಎಮ್ಮೆಯ ದರ್ಬಾರು, ಗಂಗಿಯ ಮೇಲೆ ಗಿರಿಜಾಳ ದರ್ಬಾರು. ನಾನು ಆಡಳಿತ ನೋಡಿಕೊಳ್ಳುತ್ತೇನೆ, ಅಂದರೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನಸುಕಿನಲ್ಲಿ ಗಿರಿಜಾ ಮೇವು ಕತ್ತರಿಸುವ ಮಷೀನು ಹಚ್ಚಿ, ಜೋಳದ ಕಣಿಕೆಯನ್ನು ತುಂಡು ಮಾಡಿ ಎಮ್ಮೆಗಳ ಮುಂದೆ ಸುರಿದು ಹಾಲು ಕರೆಯುತ್ತಿದ್ದಳು. ಆ ಹಾಲು ನೇರ ಮೌಲಾಸಾಬನ ಚಹಾದ ಅಂಗಡಿಗೆ ಹೋಗುತ್ತಿತ್ತು. ಹಿಂದೆಯೇ ನಾನೂ ಹೋಗುತ್ತಿದ್ದೆ. ಅಲ್ಲಿ ಒಲೆಯ ಪಕ್ಕದ ಬೆಂಚಿನ ತುದಿ ನನ್ನದು. ನಮ್ಮ ಮನೆಯ ಹಾಲಿನ ಚಹಾ ಕುಡಿಯುತ್ತ, ಬಂದವರಿಗೆಲ್ಲ ಕೇಳದ ಬುದ್ಧಿ ಹೇಳದಿದ್ದರೆ ನನಗೆ ದಿನ ಹುಟ್ಟಿದಂತೆಯೇ ಅನಿಸುವುದಿಲ್ಲ.

ನಮ್ಮ ಸೀಮೆಯಲ್ಲಿ ಯಾವುದಕ್ಕೆ ಕೊರತೆಯಾದರೂ ಬಿಸಿಲಿಗೆ ಆಗುವುದಿಲ್ಲ. ಹೀಗಾಗಿ ದನದ ಮನೆಯ ತಗಡಿನ ಮೇಲೆ ಸೋಲಾರ್ ಹಾಕಿಸಿದೆ. ಗದಗದಿಂದ ಬಂದ ಸೋಲಾರಿನವನು, ಬಿಸಿಲು ಇರುವಾಗಲೇ ಮೋಟರಿನ ಕೆಲಸವನ್ನೆಲ್ಲ ಮುಗಿಸಿಕೊಳ್ಳಿ, ನಸುಕಿನಲ್ಲಿ ಬೇಕಿದ್ದರೆ ಮಾತ್ರ ಬ್ಯಾಟರಿ ಹಾಕಿಸಿ ಎಂದ. ಸೂರ್ಯನೇ ಮಲಗಿರುವಾಗ ಮೋಟರಿಗೇನು ಅವಸರ ಎಂದು ನಕ್ಕು ಬ್ಯಾಟರಿ ಬೇಡವೆಂದೆ. ಗಿರಿಜಾ ತವರಿನ ಮೆಣಸಿನಕಾಯಿಯನ್ನು ಆ ಫಲಕಗಳ ಮೇಲೆ ಒಣಹಾಕಲು ಏಣಿ ಹತ್ತಿದ್ದಳು. ನೆರಳು ಬಿದ್ದರೆ ಕರೆಂಟು ಕಡಿಮೆಯಾಗುತ್ತದೆ ಎಂದು ಉಪನ್ಯಾಸ ಕೊಟ್ಟು ಇಳಿಸಿದೆ. ಅಂದಿನಿಂದ ಮೇವು ಕತ್ತರಿಸುವುದು ನಡುಮಧ್ಯಾಹ್ನಕ್ಕೆ ಬಂತು. ಕತ್ತರಿಸಿಟ್ಟ ಮೇವನ್ನು ಮರುದಿನ ನಸುಕಿನಲ್ಲಿ ಸದ್ದಿಲ್ಲದೆ ಹಾಕಿದರಾಯಿತು. ಇನ್ನು ಮುಂದೆ ನಮ್ಮ ಮಷೀನಿಗೆ ವಿದ್ಯುತ್ ಬೋರ್ಡಿನ ಕರೆಂಟು ಮುಟ್ಟಿಸುವುದಿಲ್ಲ ಎಂದು ಮೌಲಾಸಾಬನ ಬೆಂಚಿನ ಮೇಲೆ ಹತ್ತು ಜನರ ಎದುರು ಸಾರಿದೆ. ಈ ಬಾಯಿಯೊಂದು ಸುಮ್ಮನಿದ್ದಿದ್ದರೆ ಮುಂದಿನ ಪ್ರಬಂಧವೇ ಇರುತ್ತಿರಲಿಲ್ಲ.

ಮರುದಿನ ನಸುಕಿನಲ್ಲಿ ಗಂಗಿ ಹಾಲು ಇಳಿಸಲಿಲ್ಲ. ಕರು ಬಿಟ್ಟರೂ ಇಲ್ಲ, ಹಿಂಡಿ ಇಟ್ಟರೂ ಇಲ್ಲ. ಗಂಗಿಯನ್ನು ನೋಡಿ ಉಳಿದವೂ ಕೆಚ್ಚಲು ಬಿಗಿದುಕೊಂಡು ನಿಂತವು. ಗಿರಿಜಾ ತಳ ಕಾಣುವ ಚರಿಗೆ ಹಿಡಿದುಕೊಂಡು ನನ್ನನ್ನು ನೋಡಿದಳು. ವಾತಾವರಣದ ಒತ್ತಡ ಎಂದೇನೋ ಹೇಳಿದೆ. ಅವಳು ಚರಿಗೆ ಬೋರಲು ಹಾಕಿ ಒಳಗೆ ಹೋದಳು. ಮಧ್ಯಾಹ್ನ ಬಿಸಿಲು ನೆತ್ತಿಗೇರಿ ಮಷೀನು ಗರಗರ ಶುರುವಾದದ್ದೇ ತಡ, ಗಂಗಿಯ ಕೆಚ್ಚಲಿನಿಂದ ಹಾಲು ತಾನಾಗಿಯೇ ನೆಲಕ್ಕೆ ಸುರಿಯತೊಡಗಿತು. ಸಿಕ್ಕ ಪಾತ್ರೆ ಹಿಡಿದುಕೊಂಡು ಇಬ್ಬರೂ ಓಡಿದೆವು. ಗಿರಿಜಾ ಅಲ್ಲೇ ಎಮ್ಮೆಯ ಕೆಳಗೆ ಕುಳಿತು ತೀರ್ಪು ಕೊಟ್ಟಳು.

"ಗಂಗಿಗೆ ಮಷೀನಿನ ಸಪ್ಪಳ ಕೇಳಬೇಕ್ರಿ. ಸಪ್ಪಳ ಇಲ್ಲಂದ್ರ ಹಾಲಿಲ್ಲ."

ಎಲಾ ಎಮ್ಮೆಯೇ ಅಂದುಕೊಂಡೆ. ಮೊಬೈಲಿನಲ್ಲಿ ಆ ಸಪ್ಪಳ ತುಂಬಿಸಿಕೊಂಡು ನಸುಕಿನಲ್ಲಿ ಗಂಗಿಯ ಕಿವಿಯ ಹತ್ತಿರ ಹಿಡಿದೆ. ಅವಳು ಮೊಬೈಲನ್ನು ಒಮ್ಮೆ ನೆಕ್ಕಿ ಮುಖ ತಿರುಗಿಸಿದಳು. ಹೀಗೆ ದಿನ ಉರುಳಿದವು. ಹಾಲೆಲ್ಲ ಮಧ್ಯಾಹ್ನ ಬರುತ್ತಿತ್ತು. ಚಹಾದ ಗಿರಾಕಿಗಳು ಮಾತ್ರ ಮೊದಲಿನಂತೆ ಮುಂಜಾನೆಯೇ ಬರುತ್ತಿದ್ದರು. ಕೊನೆಗೊಂದು ದಿನ ಮೌಲಾಸಾಬ ನನ್ನ ಪಕ್ಕದಲ್ಲಿ ಕುಳಿತು, ಬಹಳ ಸಂಕೋಚದಿಂದ ಬಾಯಿ ಬಿಟ್ಟ.

"ಸರ, ತಪ್ಪು ತಿಳ್ಕೋಬ್ಯಾಡ್ರಿ. ನಾಳಿಯಿಂದ ಪಾಕೀಟ ಹಾಲು ತರಸ್ತೀನಿ. ಮುಂಜಾನಿ ಗಿರಾಕಿ ಮಧ್ಯಾಹ್ನದ ತನಕಾ ಕುಂಡ್ರಂಗಿಲ್ಲ."

ನನಗೆ ಖರೇನೇ ಸಂಕಟವಾಯಿತು. ಅವನದು ತಪ್ಪಲ್ಲ. ಆದರೆ ಪಾಕೀಟ ಹಾಲಿನ ಚಹಾ ಕುಡಿಯುತ್ತ ಆ ಬೆಂಚಿನ ತುದಿಯಲ್ಲಿ ನಾನು ಯಾವ ಮುಖ ಹೊತ್ತುಕೊಂಡು ಬುದ್ಧಿ ಹೇಳಲಿ? ಇನ್ನೊಂದು ದಿನ ತಡಿ ಮಾರಾಯ ಎಂದು ಕೇಳಿಕೊಂಡು ಮನೆಗೆ ಬಂದೆ. ನಸುಕಿನಲ್ಲಿ ಬೋರ್ಡಿನ ಸ್ವಿಚ್ಚು ಒತ್ತಿದರೆ ಮುಗಿಯಿತು ಎಂದಳು ಗಿರಿಜಾ. ಹತ್ತು ಜನರ ಎದುರು ಆಡಿದ ಮಾತು, ಒತ್ತುವುದಿಲ್ಲ ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎತ್ತು ಕೊಳ್ಳುವಾಗ ನಮ್ಮ ಮಾವ ಹಾಗೆ ನೋಡುತ್ತಿದ್ದರು.

"ಹಂಗಾರ ಮಷೀನಿನ ಗಾಲಿಗೆ ಹಿಡಿಕಿ ಐತಿ. ನೀವ ತಿರುವ್ರಿ."

ಮೋಟರು ಬರುವ ಮೊದಲು ಆ ಗಾಲಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಮರುದಿನ ನಸುಕಿನಲ್ಲಿ ಮೋಟರಿನ ಬೆಲ್ಟು ಕಳಚಿ, ಧೋತರ ಮೇಲೆ ಕಟ್ಟಿ, ಹಿಡಿಕೆಗೆ ಕೈ ಹಚ್ಚಿದೆ. ಮೊದಲ ಸುತ್ತಿಗೆ ಭುಜ ಕೂಗಿತು, ಎರಡನೆಯದಕ್ಕೆ ಸೊಂಟ. ಅಷ್ಟರಲ್ಲಿ ಗಾಲಿ ವೇಗ ಹಿಡಿದು ಗರಗರ ಎಂದಿತು. ಗಂಗಿ ಕಿವಿ ನೆಟ್ಟಗೆ ಮಾಡಿ, ನನ್ನನ್ನೊಮ್ಮೆ ನೋಡಿ, ನಿಧಾನವಾಗಿ ಮೆಲುಕು ಹಾಕತೊಡಗಿದಳು. ಗಿರಿಜಾಳ ಚರಿಗೆಯಲ್ಲಿ ಹಾಲು ಚರ್ ಚರ್ ಎಂದು ಬಿತ್ತು. ನಿಲ್ಲಿಸಿದರೆ ಹಾಲು ನಿಂತೀತೆಂದು ಐದೂ ಎಮ್ಮೆ ಮುಗಿಯುವತನಕ ತಿರುಗಿಸಿದೆ. ಅವತ್ತು ಮೌಲಾಸಾಬನ ಚಹಾದ ಕಪ್ಪು ಎತ್ತಲು ಭುಜ ಒಪ್ಪದೆ ಅರ್ಧ ಚಹಾ ಕೆಳಗಿನ ಬಸಿಗೆ ಚೆಲ್ಲಿತು. ಉಳಿದರ್ಧದ ರುಚಿ ಮಾತ್ರ ಇನ್ನೂ ನಾಲಗೆಯ ಮೇಲಿದೆ.

ಈಗ ಇದೇ ರೂಢಿಯಾಗಿದೆ. ಮಧ್ಯಾಹ್ನ ಸೂರ್ಯನ ಪಾಳಿ, ನಸುಕಿನಲ್ಲಿ ನನ್ನದು. ಮೊನ್ನೆ ಸೋಲಾರಿನವನು ಫಲಕ ನೋಡಲು ಬಂದಿದ್ದ. ನಮ್ಮ ಮಷೀನು ಸೂರ್ಯ ಹುಟ್ಟುವ ಮೊದಲೇ ಸಪ್ಪಳ ಮಾಡುತ್ತದೆಂದು ಚಹಾದ ಅಂಗಡಿಯಲ್ಲಿ ಯಾರೋ ಹೇಳಿದ್ದರಂತೆ. ಬ್ಯಾಟರಿ ಯಾವಾಗ ಹಾಕಿಸಿದಿರಿ, ಕಾಣಿಸುತ್ತಿಲ್ಲವಲ್ಲ ಎಂದು ಸುತ್ತಲೂ ಹುಡುಕಿದ. ಗಿರಿಜಾ ಸೆಗಣಿ ಬಳಿಯುತ್ತಿದ್ದ ಕೈಯಲ್ಲೇ ನನ್ನ ಕುರ್ಚಿಯ ಕಡೆ ತೋರಿಸಿದಳು.

"ಅಲ್ಲಿ ಕುಂತೈತಿ ನೋಡ್ರಿ. ಒಂದು ಕಪ್ ಚಾ ಹಾಕಿದ್ರ ಚಾರ್ಜ್ ಆಗತೈತಿ."

ಎದ್ದು ನಿಂತು ತಕ್ಕ ಉತ್ತರ ಕೊಡಬೇಕೆಂದಿದ್ದೆ. ಆದರೆ ನಾಳೆ ನಸುಕಿಗೆ ಬೇಕಾದ ಶಕ್ತಿಯನ್ನು ಇವತ್ತೇ ಯಾಕೆ ಹಾಳು ಮಾಡಲಿ ಎಂದು ಕುಳಿತೇ ಇದ್ದೆ.